ಪಿ ಅಂದರೆ ಸೀಟಿ

ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ. ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಎದೆಗೆ ಜೆಲ್ ಹಚ್ಚಿದ ಕೈ ಇದು. ವರ್ಗಾವಣೆ ಆದೇಶ ಎಲ್ಲಿಗೆ ಎಸೆದರೂ ಮಂಚದ ಮೇಲೆ ಮಲಗಿದವರ ಮೊದಲ ಪ್ರಶ್ನೆ ಮಾತ್ರ ಒಂದೇ: “ಸಿಸ್ಟರ್, ಕರೆಂಟ್ ಹೊಡಿಯಲ್ಲ ಹೌದಿಲ್ಲೋ?”

ಹೊಡೆಯುವುದಿಲ್ಲ. ಇಸಿಜಿ ಮಿಷಿನ್ನು ಕೊಡುವ ಜಾತಿಯದಲ್ಲ, ಈಸಿಕೊಳ್ಳುವ ಜಾತಿಯದು. ಹೃದಯ ತಾನೇ ಹುಟ್ಟಿಸುವ ಚೂರು ವಿದ್ಯುತ್ತನ್ನು ಚರ್ಮದ ಮೇಲಿಂದ ಅಳೆದು ಗೆರೆ ಬರೆಯುತ್ತದೆ, ಅಷ್ಟೇ. ಇದನ್ನು ಹೇಳಿ ಮುಗಿಸುವುದರೊಳಗೆ ಅವರು ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಉಸಿರು ಹಿಡಿದಿರುತ್ತಾರೆ. ಗೆರೆ ಗಡಗಡ ನಡುಗಿರುತ್ತದೆ.

ಅವರಿಗಿಂತ ಜಿಮ್ಮಿ ವಾಸಿ. ನಮ್ಮ ಕಡೆ ಅರ್ಧ ನಾಯಿಗಳ ಹೆಸರು ಜಿಮ್ಮಿ, ನಿಜ. ನಾನು ಹೇಳುತ್ತಿರುವುದು ಲಂಡನ್ನಿನ ಜಿಮ್ಮಿ. ಮನುಷ್ಯನ ಹೃದಯದ ಗೆರೆಯನ್ನು 1887ರಲ್ಲಿ ಮೊದಲು ತೆಗೆದ ಆಗಸ್ಟಸ್ ವಾಲರ್ ಸಾಕಿದ್ದ ಬುಲ್‌ಡಾಗ್. ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿಟ್ಟುಕೊಂಡು ಸಭಿಕರೆದುರು ತೆಪ್ಪಗೆ ನಿಲ್ಲುತ್ತಿತ್ತಂತೆ. ನಾಯಿಗೆ ಹಿಂಸೆಯಾಗುತ್ತಿದೆ ಎಂದು 1909ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೂ ಎದ್ದಿತು. ಆಮೇಲೆ ಬಂದ ಐಂಥೋವನ್ ಸಾಹೇಬರ ಮಿಷಿನ್ನಿನ ತೂಕ ಸುಮಾರು 270 ಕೆ.ಜಿ., ಅದನ್ನು ನಡೆಸಲು ಐದು ಜನ ಬೇಕಿತ್ತು. ಆ ಸಾಹಸಕ್ಕೆ 1924ರಲ್ಲಿ ನೊಬೆಲ್ ಬಂತು. ನಮ್ಮ ಮಿಷಿನ್ನು ಬಗಲಲ್ಲಿ ಹಿಡಿಯುವಷ್ಟು ಸಣ್ಣದು, ನಡೆಸುವವಳು ನಾನೊಬ್ಬಳೇ. ಪ್ರಶಸ್ತಿಯ ವಿಚಾರ ಬಿಡಿ, ಜೆಲ್ ಇಂಡೆಂಟೇ ಇನ್ನೂ ಮಂಜೂರಾಗಿಲ್ಲ.

ಗೆರೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ನಾಮಕರಣ ಮಾಡಿದವರೂ ಐಂಥೋವನ್ನರೇ. ತರಬೇತಿಗೆ ಬರುವ ಹುಡುಗಿಯರು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಗೆರೆ ಬಿದ್ದ ಕಾಗದದ ಸ್ಟ್ರಿಪ್ ಕೈಗೆ ಕೊಟ್ಟರೆ ಮಾತ್ರ ನನ್ನ ಮುಖ ನೋಡುತ್ತಾರೆ. ಹಾಗಾಗಿ ಪುಸ್ತಕ ಮುಚ್ಚಿಸಿ ಅವರನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುತ್ತೇನೆ, ಮಾತಿನಲ್ಲೇ.

ಹೃದಯದ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಕಂಡಕ್ಟರ್ ಇದ್ದಾನೆ. ಅವನು ಊದುವ ಸೀಟಿಯೇ ಪಿ, ಸಣ್ಣ ಗುಡ್ಡೆ. ಕೆಳಕೋಣೆಯ ಬಸ್ಸು ಧಡಕ್ಕನೆ ಹೊರಡುವುದು ಕ್ಯೂಆರ್‌ಎಸ್, ಚೂಪಾದ ಶಿಖರ. ನಿಂತು ಪುಸ್ಸೆಂದು ಗಾಳಿ ಬಿಡುವುದು ಟಿ. ಪ್ರತಿ ಸೀಟಿಗೂ ಒಂದು ಬಸ್ಸು, ಪ್ರತಿ ಬಸ್ಸಿಗೂ ಮುಂಚೆ ಒಂದು ಸೀಟಿ, ಎಲ್ಲ ಸಮ ಅಂತರದಲ್ಲಿ: ಇದು ಸೈನಸ್ ರಿದಮ್. ನಿಮಿಷಕ್ಕೆ ಅರವತ್ತರಿಂದ ನೂರರವರೆಗೆ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ದೊಡ್ಡ ಚೌಕವೆಂದರೆ 0.20 ಸೆಕೆಂಡ್. ಎರಡು ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕವೋ ಅಷ್ಟರಿಂದ 300ನ್ನು ಭಾಗಿಸಿದರೆ ಬಡಿತದ ಲೆಕ್ಕ ಸಿಕ್ಕಿತು. ಬಡಿತ ಅಡ್ಡಾದಿಡ್ಡಿಯಾಗಿದ್ದರೆ ಈ ಲೆಕ್ಕ ನಡೆಯದು. ಮೂವತ್ತು ದೊಡ್ಡ ಚೌಕಗಳೊಳಗಿನ, ಅಂದರೆ ಆರು ಸೆಕೆಂಡಿನ ಶಿಖರಗಳನ್ನೆಣಿಸಿ ಹತ್ತರಿಂದ ಗುಣಿಸಬೇಕು.

ಇನ್ನು ಡ್ರೈವರ್‌ಗಳ ಸ್ವಭಾವ. ಸೀಟಿ ಕೇಳಿದ ಮೇಲೂ ಬೀಡಿ ಮುಗಿಸಿಯೇ ಗೇರ್ ಹಾಕುವವನದು ಫಸ್ಟ್ ಡಿಗ್ರಿ ಬ್ಲಾಕ್: ಪಿ ಶುರುವಾಗಿ ಶಿಖರ ಏಳುವುದರೊಳಗೆ ಒಂದು ದೊಡ್ಡ ಚೌಕಕ್ಕಿಂತ ಹೆಚ್ಚು ಕಳೆದಿರುತ್ತದೆ, ಆದರೆ ಬಸ್ಸು ತಪ್ಪುವುದಿಲ್ಲ. ವೆಂಕೆಬಾಕ್ ಎಂಬ ಬ್ಲಾಕ್‌ನಲ್ಲಿ ಮೊದಲ ಸೀಟಿಗೆ ಸ್ವಲ್ಪ ತಡ, ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಮತ್ತಷ್ಟು, ಕೊನೆಗೊಂದು ಸೀಟಿಗೆ ಬಸ್ಸೇ ಇಲ್ಲ. ಮರುಕ್ಷಣ ಏನೂ ಆಗದವರಂತೆ ಹೊಸದಾಗಿ ಶುರು. ಥರ್ಡ್ ಡಿಗ್ರಿಯಲ್ಲಿ ಕಂಡಕ್ಟರಿಗೂ ಡ್ರೈವರಿಗೂ ಮಾತೇ ಬಿಟ್ಟಿದೆ. ಇವನು ಊದುತ್ತಲೇ ಇರುತ್ತಾನೆ, ಅವನು ತನಗೆ ತೋಚಿದಾಗ ನಿಮಿಷಕ್ಕೆ ಮೂವತ್ತೋ ನಲವತ್ತೋ ಸಲ ಹೊರಡುತ್ತಾನೆ. ತಲೆಸುತ್ತಿ ಬಿದ್ದ ಅಜ್ಜಿಯರಲ್ಲಿ ಇದನ್ನು ಕಂಡರೆ ನಾನು ಕುರ್ಚಿಯಲ್ಲಿ ಕೂರುವುದಿಲ್ಲ. ಪೇಸ್‌ಮೇಕರ್ ಹಾಕಬಲ್ಲ ಆಸ್ಪತ್ರೆಗೆ ಆಗಲೇ ಫೋನು ಹೋಗಬೇಕು.

ಹುಡುಗಿಯರು ತಟ್ಟನೆ ಹಿಡಿಯುವುದು ಏಟ್ರಿಯಲ್ ಫಿಬ್ರಿಲೇಷನ್. ಜಾತ್ರೆಯ ದಿನದ ಸ್ಟ್ಯಾಂಡು ಅದು: ಪೀಪಿ ಕೊಂಡ ಹುಡುಗರೆಲ್ಲ ಒಟ್ಟಿಗೆ ಊದುತ್ತಿದ್ದಾರೆ, ನಿಜವಾದ ಸೀಟಿ ಯಾವುದೆಂದು ದೇವರಿಗೂ ಗೊತ್ತಿಲ್ಲ, ಬಸ್ಸುಗಳು ಮನಸ್ಸಿಗೆ ಬಂದಂತೆ ಹೊರಡುತ್ತಿವೆ. ಪಿ ಎಲ್ಲೂ ಕಾಣದು, ಶಿಖರಗಳ ನಡುವಿನ ಅಂತರ ಒಂದರಂತೆ ಇನ್ನೊಂದಿಲ್ಲ. ಮಿಷಿನ್ನಿಗೂ ಮೊದಲೇ ನಾಡಿಯ ಮೇಲಿಟ್ಟ ಬೆರಳಿಗೆ ಇದು ತಿಳಿಯುತ್ತದೆ. ಕಡೆಗಣಿಸುವಂತಿಲ್ಲ, ಮೇಲ್ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೊರಟರೆ ಪಾರ್ಶ್ವವಾಯು.

ಅಗಲ ಶಿಖರಗಳು ಸಾಲಾಗಿ ವೇಗದಲ್ಲಿ ಬಂದರೆ ಸೀಟಿಯಿಲ್ಲದೆ ರೇಸಿಗಿಳಿದ ಡ್ರೈವರ್, ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ. ಶಿಖರವೇ ಇಲ್ಲದೆ ಗೆರೆ ಹುಚ್ಚೆದ್ದು ಕುಣಿದರೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್; ಆಗ ಎದೆ ಒತ್ತುವುದು, ಶಾಕ್ ಕೊಡುವುದು, ಹರಟೆಗೆ ಸಮಯವಿಲ್ಲ.

ಶಾಕ್ ಎಂದೊಡನೆ ಸಿನಿಮಾದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಗೆರೆ ನೆಟ್ಟಗಾಗಿ ಟೀಂ ಎಂದಿತೋ, ಡಾಕ್ಟರು ಎರಡು ಇಸ್ತ್ರಿಪೆಟ್ಟಿಗೆ ಉಜ್ಜಿ ಎದೆಗಿಡುತ್ತಾರೆ, ಹೀರೋ ಎದ್ದು ಕೂರುತ್ತಾನೆ. ನೆಟ್ಟಗಿನ ಗೆರೆಗೆ ಶಾಕ್ ಕೊಡುವ ಪದ್ಧತಿಯೇ ಇಲ್ಲ, ಸ್ವಾಮಿ. ಅದಕ್ಕೆ ಎದೆ ಒತ್ತುವುದು, ಅಡ್ರಿನಲಿನ್. ಅದಕ್ಕೂ ಮೊದಲು ಆ ಗೆರೆ ನಿಜವೇ ಎಂದು ನೋಡಬೇಕು, ಯಾಕೆಂದರೆ ಕಿತ್ತುಬಂದ ವೈರಿನ ಗೆರೆಯೂ ನೆಟ್ಟಗೇ ಇರುತ್ತದೆ. ಕುಸ್ತಿ ಮೈಯ, ಕರಡಿ ಕೂದಲಿನ ಎದೆಗಳ ಮೇಲಿಂದ ವೈರಿನ ತುದಿಯ ರಬ್ಬರ್ ಬಲ್ಬು ಪುಸಕ್ಕೆಂದು ಜಾರುವುದು ದಿನದ ಕಥೆ. “ಸಿಸ್ಟರ್, ಗೆರೆ ನಿಂತೋಯ್ತು!” ಎಂದು ಮಗ ಕಿರುಚುತ್ತಾನೆ. “ಏನ್ ನಿಂತೋಯ್ತೋ?” ಎಂದು ಸ್ವತಃ ಅಪ್ಪನೇ ತಲೆಯೆತ್ತಿ ಕೇಳುತ್ತಾನೆ. ಇಂಥಲ್ಲಿ ಗೆರೆಗಿಂತ ಅಪ್ಪನನ್ನು ನಂಬಬೇಕು. ಚಳಿಗೆ ನಡುಗುವವರು, ಕೈ ಅದುರುವ ಮುದುಕರು, ಮಂಚಕ್ಕೆ ತಾಗಿಸಿ ಚಾರ್ಜಿಗಿಟ್ಟ ಮೊಬೈಲು, ಎಲ್ಲವೂ ಕಾಗದದ ಮೇಲೆ ಇಲ್ಲದ ರೋಗಗಳನ್ನು ಬರೆಯಬಲ್ಲವು.

ನಟ ಪುನೀತ್ ರಾಜ್‌ಕುಮಾರ್ ಹೃದಯ ನಿಂತು ತೀರಿಕೊಂಡ 2021ರ ಅಕ್ಟೋಬರ್ ನಂತರ ಇಪ್ಪತ್ತೈದರ ಹುಡುಗರೂ ಅಂಗಿ ಬಿಚ್ಚಿ ಸಾಲು ನಿಂತರು. ಪುನೀತ್ ಹೆಸರಿನಲ್ಲೇ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು: ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ, ಹೃದಯಾಘಾತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಕೊಡಿಸುವುದು. ಅದಕ್ಕೂ ಮೊದಲೇ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಮಿಷಿನ್ನು ಕೊಡಿಸಿ ವಾಟ್ಸ್ಆ್ಯಪ್‌ನಲ್ಲೇ ಸ್ಟ್ರಿಪ್ ಓದಲು ಶುರುಮಾಡಿದ್ದರು. ಗುಡ್‌ಮಾರ್ನಿಂಗ್ ಗುಲಾಬಿಗಳ ನಡುವೆ ಆ ಆ್ಯಪ್ ಮಾಡಿದ ಏಕೈಕ ಪುಣ್ಯಕಾರ್ಯ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಮೊನ್ನೆ ಚನ್ನಗಿರಿ ಕಡೆಯ ಅಡಿಕೆ ತೋಟದ ಅಜ್ಜರೊಬ್ಬರು ಮಲಗಿದ್ದರು. ಹುಡುಗಿಯರಿಗೆ ನನ್ನ ಬಸ್ಸಿನ ಪಾಠ ನಡೆದಿತ್ತು. ಎಲ್ಲ ಕೇಳಿಸಿಕೊಂಡು, “ಹಂಗಾರೆ ನಂದು ಗೌರ್ಮೆಂಟ್ ಬಸ್ಸೋ, ಪ್ರೈವೇಟೋ?” ಎಂದರು. ಜಾತ್ರೆ ಸ್ಪೆಷಲ್ ಅಜ್ಜಾ, ದಾವಣಗೆರೆಗೆ ಹೋಗಬೇಕು, 108 ಬರ್ತಿದೆ ಎಂದೆ. ಟಿಕೆಟ್ ಎಷ್ಟು ಎಂದು ಕೇಳಿದರು. ಟಿಕೆಟ್ ಇಲ್ಲ ಎಂದೆ. ಅಷ್ಟು ಹೊತ್ತೂ ಮೂಲೆಯಲ್ಲಿ ಮೊಬೈಲ್ ಉಜ್ಜುತ್ತಿದ್ದ ಮಗ ತಲೆಯೆತ್ತಿ, ಹೆಂಗೂ ಹೋಗ್ತೈತಲ್ಲ, ಎರಡು ಚೀಲ ಅಡಿಕೆ ಹಾಕ್ಕೊಬಹುದಾ ಎಂದ.