ರುಚಿ ನೋಡಿ ಕೊಳ್ಳಿ ಸ್ವಾಮೀ!

ಕಡಲೆಕಾಯಿ ಪರಿಷೆಯಲ್ಲಿ ಎರಡು ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳದೆ ಸೇರಿನ ಬೆಲೆ ಕೇಳುವವರುಂಟೆ? ವಿಡಿಯೋ ಗೇಮಿನ ಡೆಮೊ ಕೂಡ ಇದೇ ಸಂಪ್ರದಾಯದ್ದು. 1993ರಲ್ಲಿ ‘ಡೂಮ್’ ಆಟದ ಮೊದಲ ಭಾಗವನ್ನು ಪುಕ್ಕಟೆ ಹಂಚಿದರು. ಉಳಿದೆರಡು ಭಾಗಕ್ಕೆ ಕಾಸು. ರಾಕ್ಷಸರನ್ನು ಅರ್ಧಕ್ಕೇ ಬಿಟ್ಟು ನಿದ್ದೆ ಮಾಡುವ ಎದೆಗಾರಿಕೆ ಯಾರಿಗಿದೆ? ಜನ ಕೊಂಡರು.

ಆದರೆ ಡೆಮೊ ಗಿರಾಕಿಯನ್ನು ಕರೆತರುವಷ್ಟೇ ಸಲೀಸಾಗಿ ಅಟ್ಟಿಯೂ ಬಿಡುತ್ತದೆ. ಟ್ರೇಲರಿನಲ್ಲಿ ಡ್ರ್ಯಾಗನ್ ಹಾರಿದ್ದಕ್ಕೆ ಮರುಳಾದವನು, ಡೆಮೊದಲ್ಲಿ ನಾಯಕ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾ ನಿಂತದ್ದು ಕಂಡು ಪರ್ಸು ಒಳಗಿಡುತ್ತಾನೆ. ಇನ್ನು ಕೆಲವರಿಗೆ ಡೆಮೊದಲ್ಲೇ ಹೊಟ್ಟೆ ತುಂಬುತ್ತದೆ. ತೇಗಿ, ಮುಂದಿನ ಡೆಮೊಗೆ ಎದ್ದು ಹೋಗುತ್ತಾರೆ.

2014ರ ‘ಪಿ.ಟಿ.’ಯದು ಇನ್ನೂ ಸೊಗಸು. ಒಂದೇ ಪಡಸಾಲೆಯಲ್ಲಿ ಮತ್ತೆ ಮತ್ತೆ ಸುತ್ತಿಸಿ ಆಡಿದವರೆಲ್ಲರ ಬೆವರಿಳಿಸಿದ ಡೆಮೊ ಅದು. ಪೂರ್ತಿ ಆಟಕ್ಕಾಗಿ ಜನ ದುಡ್ಡು ಹಿಡಿದು ಕಾದರು. ಮರುವರ್ಷ ಆಟವೇ ರದ್ದು!

ಈಗ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ಅದರಲ್ಲಿ ಒಂದು ಗಂಟೆ ನಾಯಕನ ಮೂಗು, ಮೀಸೆ ತಿದ್ದುವುದಕ್ಕೇ ಹೋಗಿರುತ್ತದೆ. ಆದ್ದರಿಂದ ಡೆಮೊ ಇದ್ದರೆ ಮೊದಲು ಆಡಿ ನೋಡಿ. ಮೀಸೆ ಆಮೇಲೆ ತಿದ್ದಿದರಾಯಿತು.