ನಾಲ್ಕನೇ ವರ್ಷದ ಮೀಮಾಂಸೆ

ಮಂಗಳಾಚರಣೆ ಬಿಟ್ಟು ನೇರ ಸಂಶಯಕ್ಕೇ ಬರೋಣ. 2024ರ ಅಡ್ಮಿಷನ್ನಿನ ಕೊನೆಯ ದಿನ ಹತ್ತಿರವಿದ್ದಾಗಿನ ಮಾತು. 2021ರಲ್ಲಿ ಬಿ.ಎ. ಸೇರಿ 2024ರಲ್ಲಿ ಆರನೇ ಸೆಮಿಸ್ಟರ್ ಮುಗಿಸಿದ ಜೀವವು ನಾಲ್ಕನೇ ವರ್ಷದ ಆನರ್ಸ್ ಸೇರತಕ್ಕದ್ದೋ, ಟ್ರಂಕು ಹೊತ್ತು ಊರಿಗೆ ಮರಳತಕ್ಕದ್ದೋ ಎಂಬುದೇ ಈ ಶಾಸ್ತ್ರದ ವಿಷಯ.

ಮೊದಲು, ನಾಲ್ಕನೇ ವರ್ಷವೆಂಬ ಪದಾರ್ಥ ಇದೆಯೇ? ಇದೆ ಎನ್ನುವವರು 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನೂ, ಅದನ್ನು ದೇಶದಲ್ಲೇ ಮೊದಲು ಜಾರಿಗೆ ತಂದೆವೆಂಬ ಕರ್ನಾಟಕದ 2021ರ ಹೆಮ್ಮೆಯನ್ನೂ ಪ್ರಮಾಣವಾಗಿ ಒಡ್ಡುತ್ತಾರೆ. ಇಲ್ಲವೆನ್ನುವವರ ಕೈಯಲ್ಲಿ ಸುಖದೇವ್ ಥೋರಟ್‌ರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯೂ ರಾಜ್ಯ ಸರ್ಕಾರದ 2024ರ ಮೇ ತಿಂಗಳ ಆದೇಶವೂ ಇವೆ. ಆ ಆದೇಶದಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕಿಳಿಯಿತು; ಮೊದಲೇ ಸೇರಿದ್ದವರು ಬೇಕಿದ್ದರೆ ನಾಲ್ಕನೆಯದನ್ನೂ ಓದಬಹುದೆಂಬ ವಿನಾಯಿತಿ ಉಳಿಯಿತು. ಅಂದರೆ ಅಕ್ಕನಿಗೆ ಇರುವ ವರ್ಷ ತಮ್ಮನಿಗಿಲ್ಲ. ಇದೆ ಎನ್ನಲಾಗದ, ಇಲ್ಲವೆನ್ನಲೂ ಬಾರದ ವಸ್ತುವನ್ನು ಅದ್ವೈತಿಗಳು ಅನಿರ್ವಚನೀಯ ಎನ್ನುತ್ತಾರೆ. ಕಾಲೇಜಿನ ಗುಮಾಸ್ತರು 'ಸರ್ಕ್ಯುಲರ್ ಬಂದಿಲ್ಲ' ಎನ್ನುತ್ತಾರೆ.

ಇನ್ನು ಫಲವಿಚಾರ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ದಾಟಿದವರಿಗೆ ಸಂಶೋಧನಾ ಆನರ್ಸಿನ ಬಾಗಿಲೂ ತೆರೆದಿದೆ. ಮೂರು ವರ್ಷ ಓದಿದವರಿಗೆ ಎಂ.ಎ. ಎರಡು ವರ್ಷ, ಆನರ್ಸಿನವರಿಗೆ ಒಂದೇ. ಹೇಗೆ ಕೂಡಿದರೂ ಐದು ಎನ್ನುತ್ತಾನೆ ಪೂರ್ವಪಕ್ಷಿ. ಲೆಕ್ಕ ಸರಿ. 'ಆ ಒಂದು ವರ್ಷದ ಎಂ.ಎ. ಯಾವ ವಿಭಾಗದಲ್ಲಿದೆ ಸ್ವಾಮಿ?' ಎಂದೊಡನೆ ಪೂರ್ವಪಕ್ಷಿಗೆ ಟೀ ಕುಡಿಯುವ ಹೊತ್ತಾಗುತ್ತದೆ.

ಅರ್ಥಪ್ರಕರಣ ಇನ್ನೂ ಸೂಕ್ಷ್ಮ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಿಂದ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುವವರಿಗೆ ಇಲ್ಲ. ಆದ್ದರಿಂದ ಆನರ್ಸಿನ ಖರ್ಚು ಫೀ ರಸೀದಿಗೇ ಮುಗಿಯದು. ಆರು ತಿಂಗಳು ನಿಷ್ಠೆಯಿಂದ ನಿರುದ್ಯೋಗಿಯಾಗಿದ್ದು, ಮುಂದಿನ ಆರು ತಿಂಗಳಲ್ಲಿ ಸಂಪಾದಿಸಬಹುದಾಗಿದ್ದ 18,000 ರೂಪಾಯಿಯನ್ನು ವಿದ್ಯಾರ್ಥಿ ಸರಸ್ವತಿಗೆ ಧಾರೆಯೆರೆದಂತಾಯಿತು. ಪ್ರತಿಫಲವಾಗಿ ಹಾಸ್ಟೆಲ್ಲಿನ ಮುದ್ದೆ ಮತ್ತು ಬಸ್ ಪಾಸು. ಪಾಸಿನ ವಾದ ಗಂಡುಮಕ್ಕಳಿಗಷ್ಟೇ ಸಲ್ಲುತ್ತದೆ. ಹೆಣ್ಣುಮಕ್ಕಳ ಮಟ್ಟಿಗೆ 2023ರ ಜೂನ್‌ನಲ್ಲೇ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಅದನ್ನು ಖಂಡಿಸಿಬಿಟ್ಟಿದೆ. (ಇಡೀ ಶಾಸ್ತ್ರದಲ್ಲಿ ವಿವಾದಾತೀತವಾದದ್ದು ಮುದ್ದೆಯೊಂದೇ ಎಂಬುದು ಈ ಲೇಖಕನ ಮತ.)

ಆದರೆ ಹೆಣ್ಣುಮಕ್ಕಳ ಆನರ್ಸೇ ಬೇರೆ, ಅದನ್ನು ಯಾವ ಆಯೋಗವೂ ಮುಟ್ಟಿಲ್ಲ. 'ಹುಡುಗಿ ಇನ್ನೂ ಓದ್ತಾ ಇದಾಳೆ' ಎಂಬ ಮಹಾವಾಕ್ಯ ಜಾತಕ ಹಿಡಿದು ಬಂದವರನ್ನು ಜಗಲಿಯಿಂದಲೇ ಹಿಂದಕ್ಕೆ ಕಳಿಸಬಲ್ಲದು. ಒಂದು ವರ್ಷ, ಎರಡು ಸೆಮಿಸ್ಟರ್, ಬೇಕೆಂದರೆ ಒಂದು ಸಂಶೋಧನಾ ಪ್ರಬಂಧ; ಅಷ್ಟರಲ್ಲಿ ವರನಿಗೆ ಬೇರೆಲ್ಲೋ ಸಂಬಂಧ ಕೂಡಿರುತ್ತದೆ. ಹೆಚ್ಚುವರಿ 40 ಕ್ರೆಡಿಟ್‌ಗಳನ್ನು ಇದಕ್ಕೇ ಕೊಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹೀಗಾಗಿ, ಪಠ್ಯಕ್ರಮವನ್ನು ಓದಿ ಆನರ್ಸ್ ಸೇರಿದವರಿಗಿಂತ ಪಂಚಾಂಗವನ್ನು ನೋಡಿ ಸೇರಿದವರು ಹೆಚ್ಚು ಸ್ಪಷ್ಟ ಚಿಂತಕರೆಂದು ನಾವು ತಿಳಿಯುತ್ತೇವೆ.

ಉಳಿದದ್ದು ಶಬ್ದಪ್ರಮಾಣ, ಅಂದರೆ ಸೋದರಮಾವ. ಅಪ್ಪ ಮೂರು ದಿನ ಫೋನ್ ಮಾಡಿ ಹಿಡಿದ ಮೇಲೆ ಅವರು ಪ್ರಶ್ನೆಯ ಬುಡಕ್ಕೇ ಕೈ ಹಾಕಿದರು:

"ಒಟ್ಟು ಎಷ್ಟು ವರ್ಷ ಆಗುತ್ತಮ್ಮಾ?"

"ನಾಲ್ಕು, ಮಾವ."

"ಇಂಜಿನಿಯರಿಂಗ್‌ನಷ್ಟೇ ಅಲ್ವಾ? ಮತ್ತೆ ಯೋಚನೆ ಯಾಕೆ, ಸೇರಿಕೋ."