78 ಲಕ್ಷ, ಇತ್ಯಾದಿ

ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಟ್ಟು, "ನಮಗೇನೂ ಬೇಡಪ್ಪ, ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ಅದು ನಿಮಗೆ ಬಿಟ್ಟದ್ದು" ಅನ್ನುವುದುಂಟಲ್ಲ, ಬೆಂಗಳೂರಿನಲ್ಲಿ ಫ್ಲಾಟಿಗೆ ಹೇಳುವ ಬೆಲೆಯೂ ಅದೇ ಜಾತಿಯ ಮಾತು. ಕೇಳುವಾಗ ಎದೆ ಹಗುರಾಗುತ್ತದೆ. ಪಟ್ಟಿ ಆಮೇಲೆ ಬರುತ್ತದೆ.

ನಮಗೆ ಹೇಳಿದ ಬೆಲೆ 78 ಲಕ್ಷ. ನಾವಿರುವುದು ಮೈಸೂರಿನಲ್ಲಿ, ಅಪ್ಪ ಕಟ್ಟಿಸಿದ ಮನೆಯಲ್ಲಿ. ಸರ್ಜಾಪುರ ರಸ್ತೆಯ ಫ್ಲಾಟಿನಲ್ಲಿ ನಾವು ಒಂದು ರಾತ್ರಿ ಮಲಗುವ ಪ್ರಸಂಗವೂ ಇಲ್ಲ. ಅದು ಇನ್ವೆಸ್ಟ್‌ಮೆಂಟು. ಈ ಶಬ್ದವನ್ನು ನಮ್ಮ ನಡುಮನೆಗೆ ತಂದವನು ನನ್ನ ಹೆಂಡತಿಯ ತಮ್ಮ. "ಭಾವ, ನಿಮ್ಮ ದುಡ್ಡು ಎಫ್‌ಡಿಯಲ್ಲಿ ನಿದ್ದೆ ಹೊಡೀತಿದೆ, ಎಬ್ಬಿಸಿ" ಅಂದ. ಎಬ್ಬಿಸಿದೆವು. ಎದ್ದ ದುಡ್ಡು ಆಮೇಲೆ ಕೂತದ್ದನ್ನು ನಾವು ಕಂಡಿಲ್ಲ. "ಮೆಟ್ರೋ ಬರ್ತದೆ" ಎಂದೂ ಹೇಳಿದ. ಸರ್ಜಾಪುರದ ಮೆಟ್ರೋ ಇನ್ನೂ ನಕ್ಷೆಯಲ್ಲೇ ಓಡಾಡುತ್ತಿದೆ. ಆದರೆ ಅದಕ್ಕೆ ತಗಲುವ ಬೆಲೆಯನ್ನು ಬಿಲ್ಡರು ಮುಂಗಡವಾಗಿ ಚದರಡಿಗೆ ಸೇರಿಸಿದ್ದಾರೆ.

ನಾನು ಕಾಲೇಜಿನಲ್ಲಿ ಹಳಗನ್ನಡ ಹೇಳುವವನು. ಚಂಪುವಿನಲ್ಲಿ ಚಕ್ರಬಡ್ಡಿ ಬರುವುದಿಲ್ಲ. ಹೆಂಡತಿ ವಿಮಾ ಕಚೇರಿಯಲ್ಲಿ ಲೆಕ್ಕ ನೋಡುವವಳು. ಹಾಗಾಗಿ ಮಾಡೆಲ್ ಫ್ಲಾಟ್ ನೋಡಲು ಹೋದಾಗ ನಾನು ಸೋಫಾದ ಬಣ್ಣ ನೋಡಿದೆ, ಅವಳು ಬ್ಯಾಗಿನಿಂದ ಟೇಪು ತೆಗೆದಳು. ಆ ಫ್ಲಾಟಿನ ಕೋಣೆಗಳಿಗೆ ಬಾಗಿಲೇ ಇರಲಿಲ್ಲ, ವಿಶಾಲವಾಗಿ ಕಾಣಲೆಂದು. ಮಂಚ ಎಷ್ಟು ಮೋಟಾಗಿತ್ತೆಂದರೆ ನಾನು ಮಲಗಿದರೆ ಮೊಣಕಾಲಿನಿಂದಾಚೆಯ ನಾನು ಹಾಲ್‌ನಲ್ಲಿರುತ್ತಿದ್ದೆ. ಕಾಗದದ ಮೇಲೆ 1,200 ಚದರಡಿ. ಟೇಪಿನ ಮೇಲೆ 820. "ಮಿಕ್ಕ 380 ಎಲ್ಲಪ್ಪಾ?" ಎಂದಳು. ಟೈ ಕಟ್ಟಿದ ಹುಡುಗ ಮೆಟ್ಟಿಲು, ಮೊಗಸಾಲೆ, ಲಿಫ್ಟು, ಕಾವಲುಗಾರನ ಗೂಡು ಎಲ್ಲ ತೋರಿಸಿದ. ಅದು ಸೂಪರ್ ಬಿಲ್ಟ್‌ಅಪ್ಪಂತೆ. 2016ರ ರೇರಾ ಕಾಯ್ದೆ ಬಂದ ಮೇಲೆ ಕರಾರಿನಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗಿನ ನೆಲ, ಎಷ್ಟೆಂದು ಬರೆಯಲೇಬೇಕು. ಬರೆದಿದ್ದಾರೆ. ಬಾಯಲ್ಲಿ ಮಾತ್ರ 1,200 ಅನ್ನುತ್ತಾರೆ. ಚದರಡಿಗೆ 6,500 ಎಂದು ಹೇಳಿದ್ದು ನಿಜವಾದ ನೆಲಕ್ಕೆ ಹಂಚಿದರೆ 9,500 ದಾಟುತ್ತದೆ. ಲಿಫ್ಟಿನಲ್ಲಿ ನಮಗೂ ಒಂದು ಪಾಲಿದೆ. ಯಾವ ಮೂಲೆಯೆಂದು ಇನ್ನೂ ಗುರುತು ಹಾಕಿಕೊಟ್ಟಿಲ್ಲ.

ಆಮೇಲೆ ಪಟ್ಟಿ. ಮುಚ್ಚಿದ ಕಾರ್ ಪಾರ್ಕಿಂಗ್ 3 ಲಕ್ಷ. ನಮ್ಮಲ್ಲಿರುವುದು ಸ್ಕೂಟರು, ಅದೂ ಮೈಸೂರಿನಲ್ಲಿ. ಕರೆಂಟು, ನೀರಿನ ಸಂಪರ್ಕಕ್ಕೆ 2 ಲಕ್ಷ. ಕ್ಲಬ್‌ಹೌಸಿಗೆ 1 ಲಕ್ಷ. ನಾನು ಈಜುವುದಿಲ್ಲ ಅಂದೆ. ಈಜದಿದ್ದರೂ ಅಷ್ಟೇ ಸಾರ್ ಅಂದ. ಪಾರ್ಕಿನ ಕಡೆ ಕಿಟಕಿ ಬೇಕಾದರೆ ಅದಕ್ಕೆ ಬೇರೆ ದರ. ಪಾರ್ಕ್ ಎಂದು ಅವನು ಬೆರಳು ತೋರಿಸಿದಲ್ಲಿ ಆಗ ಎಂ-ಸ್ಯಾಂಡಿನ ಗುಡ್ಡೆಯಿತ್ತು. ಗುಡ್ಡೆಯ ದೃಶ್ಯ ಬೇಡವೆಂದು ಬಿಟ್ಟೆವು. ಹಾಗೆ 84 ಲಕ್ಷವಾಯಿತು. ಇದರ ಮೇಲೆ 5 ಶೇಕಡಾ ಜಿಎಸ್‌ಟಿ, 4 ಲಕ್ಷ 20 ಸಾವಿರ. ಕಟ್ಟಿ ಮುಗಿದು ಓಸಿ ಬಂದ ಮನೆಗೆ ಜಿಎಸ್‌ಟಿ ಇಲ್ಲ, ಕಟ್ಟುತ್ತಿರುವ ಮನೆಗೆ ಇದೆ. ಅಂದರೆ ಇಲ್ಲದ ಮನೆಗೆ ತೆರಿಗೆ, ಇದ್ದ ಮನೆಗೆ ವಿನಾಯಿತಿ. ಇದರ ಹಿಂದೆ ಏನೋ ವೇದಾಂತವಿರಬೇಕು.

ಮುದ್ರಾಂಕ ಶುಲ್ಕದ ಕಥೆ ಕೇಳಿ. ನಮ್ಮ ರಾಜ್ಯದಲ್ಲಿ 45 ಲಕ್ಷ ಮೀರಿದ ಆಸ್ತಿಗೆ 5 ಶೇಕಡಾ. ಆ ಶುಲ್ಕದ ಮೇಲೆ ಸೆಸ್, ಮತ್ತೆ ಸರ್ಚಾರ್ಜ್; ಒಟ್ಟು 5.6. ನಾವು ಬುಕ್ ಮಾಡಿದಾಗ ನೋಂದಣಿ ಶುಲ್ಕ 1 ಶೇಕಡಾ ಇತ್ತು. ಬಿಲ್ಡರು ಇಂದು ಕೊಡ್ತೀವಿ, ನಾಳೆ ಕೊಡ್ತೀವಿ ಎನ್ನುತ್ತ 2025ರ ಆಗಸ್ಟ್ 31 ದಾಟಿಸಿದರು. ಸರ್ಕಾರ ಅಂದಿನಿಂದ ಅದನ್ನು 2 ಮಾಡಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಹೆಬ್ಬೆಟ್ಟೊತ್ತಿ ಎದ್ದಾಗ 6 ಲಕ್ಷ 38 ಸಾವಿರ ಹೋಗಿತ್ತು. ಆ ಫೋಟೋದಲ್ಲಿ ನನ್ನ ಮುಖ ನೋಡಿದರೆ ಯಾರಾದರೂ ನಾನೇ ಆಸ್ತಿ ಮಾರಿಕೊಂಡವನು ಅಂದಾರು.

ವಕೀಲರ ಬಗ್ಗೆ ಮಾತ್ರ ನನಗೆ ದೂರಿಲ್ಲ. ಇಡೀ ವ್ಯವಹಾರದಲ್ಲಿ ಸಾಹಿತ್ಯ ಇದ್ದದ್ದು ಅವರಲ್ಲೇ. ಮೂಲಪತ್ರ, ಇಸಿ, ಭೂಪರಿವರ್ತನೆ ಆದೇಶ, ವಂಶವೃಕ್ಷ, ಇ-ಖಾತಾ ಎಲ್ಲ ಮೇಜಿನ ಮೇಲೆ ಹರಡಿಕೊಂಡು, ನಮ್ಮ ಮೂರನೇ ಮಹಡಿಯ ಅಡುಗೆಮನೆಯ ಕೆಳಗೆ ಒಂದು ಕಾಲದಲ್ಲಿ ರಾಗಿ ಬೆಳೆದವರ ಮನೆತನದ ಕಥೆ ಹೇಳಿದರು. ಅಜ್ಜನಿಗೆ ಇಬ್ಬರು ಹೆಂಡಿರು, ಹಿರಿಯವಳಿಗೆ ಮೂವರು ಹೆಣ್ಣುಮಕ್ಕಳು. "ಹೆಣ್ಣುಮಕ್ಕಳ ಸಹಿ ಇದೆಯೋ ಇಲ್ಲವೋ ಮೊದಲು ನೋಡಬೇಕು ಮೇಷ್ಟ್ರೇ. 2005ರ ತಿದ್ದುಪಡಿ ಆದ ಮೇಲೆ ಅವರದ್ದೂ ಸಮಪಾಲು" ಅಂದರು. ಮೂವರ ಸಹಿಯೂ ಇತ್ತು. ಚಿಕ್ಕವಳು ಸಹಿ ಹಾಕುವ ಮುನ್ನ ಎಷ್ಟು ಕಾಡಿಸಿರಬಹುದೆಂದು ಊಹಿಸುತ್ತ ನಾನು ಸುಖವಾಗಿ ಫೀಸು ಕೊಟ್ಟೆ. ಎಲ್ಲಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಬ್ಯಾಂಕಿನವರು 60 ಲಕ್ಷ ಕೊಟ್ಟರು. 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ನೂರಕ್ಕೆ 80 ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಸೇರುವುದಿಲ್ಲ. ಅವನ್ನು ಕೈಯಿಂದಲೇ ಹಾಕಬೇಕು. ಬಡ್ಡಿ 8.5, ಅವಧಿ 20 ವರ್ಷ, ಕಂತು 52,069. ಮೊದಲ ಕಂತು ಕಟ್ಟಿದ ದಿನ ಹೆಂಡತಿ ಅದನ್ನು ಬಿಡಿಸಿ ತೋರಿಸಿದಳು: 42,500 ಬಡ್ಡಿಗೆ, 9,569 ಸಾಲಕ್ಕೆ. ಅಷ್ಟು ಕಟ್ಟಿ ನಾವು ಬಿಡಿಸಿಕೊಂಡದ್ದು ಹೆಚ್ಚೆಂದರೆ ಬಚ್ಚಲ ಬಾಗಿಲು.

ಕಾರ್ಪಸ್ ಫಂಡು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಖಾತಾ ವರ್ಗಾವಣೆ, ಇವನ್ನೆಲ್ಲ ಓಡುತ್ತ ದಾಟೋಣ. ಬಾಡಿಗೆಯವರು ಖಾಲಿ ಗೋಡೆ ನೋಡಿ ಬರುವುದಿಲ್ಲವೆಂದು ಅಡುಗೆಮನೆಗೆ ಕಪಾಟು, ಗೀಸರು, ಫ್ಯಾನು, ಸೊಳ್ಳೆ ಜಾಲರಿ. ಅದೇ 5 ಲಕ್ಷ. ಕೊನೆಯ ಗೆರೆ ಎಳೆದಾಗ ಪುಸ್ತಕದಲ್ಲಿ 1 ಕೋಟಿ 2 ಲಕ್ಷವಿತ್ತು. ಮೈಸೂರಿನ ನಮ್ಮ ಅಡುಗೆಮನೆಗೆ ಇಂದಿಗೂ ಕಪಾಟಿಲ್ಲ.

ಬಾಡಿಗೆಗೆ ಬಂದವನು ಸಾಫ್ಟ್‌ವೇರ್ ಹುಡುಗ, ಬಲು ಸಂಭಾವಿತ. ಮೇಂಟೆನೆನ್ಸ್ ಸೇರಿ 30,000. ಕರಾರು 11 ತಿಂಗಳಿಗೆ, ಏಕೆಂದರೆ ವರ್ಷ ಮೀರಿದರೆ ಅದನ್ನೂ ನೋಂದಾಯಿಸಬೇಕು. ನೋಂದಣಿ ಎಂಬ ಶಬ್ದ ಕೇಳಿದರೆ ನಮಗೀಗ ಬೆವರು. ಒಮ್ಮೆ ಫೋನಿನಲ್ಲಿ, "ಇಷ್ಟು ಸಂಬಳ ಬರುತ್ತಲ್ಲಪ್ಪ, ನೀನೇ ಒಂದು ಫ್ಲಾಟ್ ಕೊಳ್ಳಬಾರದಾ?" ಅಂದೆ. "ಲೆಕ್ಕ ಹಾಕಿ ನೋಡಿದೆ ಸಾರ್" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ನನ್ನ ಮನಸ್ಸು ನೋಯಬಾರದೆಂದು.

ಅವನ ಬಾಡಿಗೆಯಲ್ಲಿ ಮೇಂಟೆನೆನ್ಸ್ ತಿಂಗಳಿಗೆ 4,800, ಬ್ರೋಕರಿಗೆ ಒಂದು ತಿಂಗಳದ್ದು, ಮನೆ ಖಾಲಿ ಬಿದ್ದ ಒಂದು ತಿಂಗಳದ್ದು, ಬಾಡಿಗೆಗೆ ಕೊಟ್ಟ ತಪ್ಪಿಗೆ ಇಮ್ಮಡಿ ದರದ ಆಸ್ತಿ ತೆರಿಗೆ, ನಲ್ಲಿ ರಿಪೇರಿ, ಎಲ್ಲ ಕಳೆದರೆ ವರ್ಷಕ್ಕೆ ಕೈಗೆ 2 ಲಕ್ಷ 20 ಸಾವಿರ. ಹಾಕಿದ ದುಡ್ಡಿಗೆ ನೂರಕ್ಕೆ ಎರಡು ಚಿಲ್ಲರೆ. ನಿದ್ದೆ ಹೊಡೆಯುತ್ತಿದ್ದ ಎಫ್‌ಡಿ ನಿದ್ದೆಯಲ್ಲೇ ಇದರ ಮೂರರಷ್ಟು ದುಡಿಯುತ್ತಿತ್ತು. ಬಡ್ಡಿಯ ನಷ್ಟವನ್ನು ಸಂಬಳದ ಆದಾಯದಲ್ಲಿ 2 ಲಕ್ಷದವರೆಗೆ ಕಳೆಯಬಹುದು, ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ. ಹೊಸದರಲ್ಲಿ ಅದೂ ಇಲ್ಲ.

"ಭಾವ, ಬಾಡಿಗೆ ಬಿಡಿ, ಬೆಲೆ ಏರಿದ್ದು ನೋಡಿ! ಈಗ 1 ಕೋಟಿ 8 ಲಕ್ಷ, 30 ಲಕ್ಷ ಲಾಭ" ಅನ್ನುತ್ತಾನೆ ಮೈದುನ. ಏರಿದ್ದು ಸುಳ್ಳಲ್ಲ. ಆದರೆ ಅವನು 78ರಿಂದ ಎಣಿಸುತ್ತಾನೆ, ಅವನಕ್ಕ 1 ಕೋಟಿ 2ರಿಂದ ಎಣಿಸುತ್ತಾಳೆ. ಅವಳ ಲಾಭ 6 ಲಕ್ಷ. ಮಾರುವ ದಿನ ಅದರಲ್ಲೂ ಬ್ರೋಕರಿಗೆ ನೂರಕ್ಕೆ ಒಂದೋ ಎರಡೋ ಕೊಡಬೇಕು, ಬಂಡವಾಳ ಲಾಭದ ತೆರಿಗೆ 12.5 ಬೇರೆ. ಕಟ್ಟಿದ ಬಡ್ಡಿಯನ್ನು ಅವಳಿನ್ನೂ ಸೇರಿಸಿಲ್ಲ, ತಮ್ಮನೆಂಬ ಕರುಣೆಯಿಂದ. ಅಕ್ಕತಮ್ಮಂದಿರ ಜಗಳಕ್ಕೆಲ್ಲ ಈ 24 ಲಕ್ಷವೇ ಕಾರಣ. ನಾನು ಅವಳ ಪಕ್ಷ. ಊಟ ಅವಳ ಕೈಯಲ್ಲಿದೆಯೆಂದಲ್ಲ, ಲೆಕ್ಕ ಸರಿಯಿದೆಯೆಂದು.

ಸಂಭಾವಿತ ಹುಡುಗನಿಗೆ ಪುಣೆಗೆ ವರ್ಗವಾಗಿದೆ, ಬರುವ ತಿಂಗಳು ಮನೆ ಬಿಡುತ್ತಾನೆ. ಓದುಗರಲ್ಲಿ ಯಾರಿಗಾದರೂ ಸರ್ಜಾಪುರ ರಸ್ತೆಯ ಕಡೆ ಎರಡು ಕೋಣೆಯ ಮನೆ ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮೂರನೇ ಮಹಡಿ, ಪೂರ್ವದ ಬಾಗಿಲು, ನಿಜವಾದ 820 ಚದರಡಿ. ಟ್ಯಾಂಕರ್ ನೀರು ತಪ್ಪದೆ ಬರುತ್ತದೆ. ಕಾರ್ ಪಾರ್ಕಿಂಗ್ ಹೊಚ್ಚಹೊಸದು, ಯಾರೂ ಬಳಸಿಲ್ಲ. ಎರಡು ತಿಂಗಳ ಅಡ್ವಾನ್ಸ್ ಸಾಕು. ಬ್ರೋಕರುಗಳು ದಯವಿಟ್ಟು ಬರೆಯಬೇಡಿ.